ತರಗತಿಯನ್ನು ಒಪ್ಪಿಸಿಕೊಳ್ಳುವ ಬಗೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಂಚಿಕೆಗಾಗಿ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯವನ್ನು ನಾಲ್ಕು ಕಡೆಯಿಂದ ಕೇಳಿವೆ. ಶಿಕ್ಷಕರ ತರಬೇತಿಯಲ್ಲಿರುವ ಪ್ರಶಿಕ್ಷಣಾರ್ಥಿಯೊಬ್ಬರು ಪ್ರಾಥಮಿಕ ಶಾಲೆಯ ತರಗತಿಯನ್ನು ಹಂತ ಹಂತವಾಗಿ ಹೇಗೆ ವಹಿಸಿಕೊಳ್ಳಬೇಕು, ಅದನ್ನು ಅವರಿಗೆ ಯಾರು ಹೇಗೆ ಬಿಟ್ಟುಕೊಡಬೇಕು ಎಂಬುದು ಆ ವಿಷಯ. ಹಾಗಾಗಿ ನಾಲ್ಕಕ್ಕೂ ಇಲ್ಲಿಯೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಾನು ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿ ಕೋರ್ಸಾದ ಡಿ.ಇಎಲ್.ಇಡಿ.ಯ ಎರಡನೆಯ ವರ್ಷದ ವಿದ್ಯಾರ್ಥಿನಿ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ನಾಲ್ಕನೆಯ ತರಗತಿಗೆ ಇಂಟರ್ನ್‌ಶಿಪ್‌ಗಾಗಿ ಬಂದಿದ್ದೇನೆ, 27 ಮಕ್ಕಳಿದ್ದಾರೆ. ಮೊದಲ ವಾರ ಹಿಂದೆ ಕುಳಿತು ಪಾಠ ನೋಡಿದೆ. ಎರಡನೆಯ ವಾರದ ಸೋಮವಾರವೇ ತರಗತಿಯ ಮೇಡಂ ಗಣಿತದ ಅವಧಿಗಳನ್ನೆಲ್ಲ ನನಗೆ ಬಿಟ್ಟುಕೊಟ್ಟರು. ನಾನು ಏನು ಹೇಳಿದರೂ ಮಕ್ಕಳು ಹಿಂದಕ್ಕೆ ತಿರುಗಿ ಮೇಡಂ ಮುಖ ನೋಡುತ್ತಾರೆ. ನೋಟ್‌ಬುಕ್ ತಿದ್ದುತ್ತ ಕುಳಿತಿರುವ ಅವರು ನಡುವೆ ತಲೆಯೆತ್ತಿ "ಹಾಗಲ್ಲ ಮಕ್ಕಳೇ" ಎಂದು ತಾವೇ ಹೇಳಿಕೊಡಲು ತೊಡಗುತ್ತಾರೆ. ಇತ್ತ ಕಾಲೇಜಿನವರು ಪಾಠ ಯೋಜನೆಗಳ ಸಂಖ್ಯೆ ಪೂರ್ತಿಯಾಗಬೇಕೆನ್ನುತ್ತಾರೆ. ತರಗತಿಯನ್ನು ವಹಿಸಿಕೊಳ್ಳುವುದಕ್ಕೆ ಒಂದು ಕ್ರಮವೆಂಬುದು ಇದೆಯೇ?
ಪ್ರಶಿಕ್ಷಣಾರ್ಥಿ, ಹಾಸನ ಜಿಲ್ಲೆ

ಉತ್ತರ: ಕ್ರಮವಿದೆ. ನಿಮ್ಮಲ್ಲಿ ಅದು ಎರಡನೆಯ ಮೆಟ್ಟಿಲಿನಿಂದ ನೇರವಾಗಿ ಅಟ್ಟಕ್ಕೆ ಜಿಗಿದುಬಿಟ್ಟಿದೆ, ಅಷ್ಟೆ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯು ಎರಡು ವರ್ಷಗಳ ಈ ಕೋರ್ಸಿನಲ್ಲಿ ಕನಿಷ್ಠ 20 ವಾರಗಳನ್ನು ಶಾಲೆಗೇ ಮೀಸಲಿಟ್ಟು, ಅಲ್ಲಿ ಶೇ 90ರಷ್ಟು ಹಾಜರಾತಿಯನ್ನೂ ಕಡ್ಡಾಯ ಮಾಡಿದ್ದು ಪಾಠಗಳ ಲೆಕ್ಕ ತುಂಬಿಸುವುದಕ್ಕಲ್ಲ. ಒಂದು ತರಗತಿಯ ದಿನಚರಿಯೊಳಗೆ ನಿಧಾನವಾಗಿ ಸೇರಿಕೊಂಡು, ಅದರ ಭಾರವನ್ನು ತಕ್ಕಷ್ಟು ತಕ್ಕಷ್ಟೇ ಹೊರಲು ಕಲಿಯಲಿ ಎಂಬುದಕ್ಕೆ.

ಮಕ್ಕಳು ಹಿಂದಕ್ಕೆ ತಿರುಗುತ್ತಿರುವುದನ್ನು ನೀವು ಅವಮಾನವೆಂದು ತಿಳಿಯಬೇಡಿ. ಯಾರು ಸರಿ ಎಂದರೆ ಲೆಕ್ಕ ಸರಿ, ಯಾರನ್ನು ಕೇಳಿ ನೀರು ಕುಡಿಯಲು ಹೋಗಬೇಕು, ಯಾರ ದನಿ ಎಷ್ಟು ಏರಿದರೆ ಸುಮ್ಮನಾಗಬೇಕು ಎಂಬುದನ್ನೆಲ್ಲ ಆ ಮಕ್ಕಳು ಜೂನ್ ತಿಂಗಳಿನಿಂದ ಒಬ್ಬರೇ ಒಬ್ಬರ ಮುಖದಲ್ಲಿ ಓದಿ ಕಲಿತಿದ್ದಾರೆ. ನಿಮಗೆ ಗಣಿತದ ಅವಧಿ ಸಿಕ್ಕಿದೆಯೇ ಹೊರತು ಈ ಸಣ್ಣ ಅಧಿಕಾರಗಳಲ್ಲಿ ಒಂದೂ ಸಿಕ್ಕಿಲ್ಲ. ಆದ್ದರಿಂದ ಪಾಠಕ್ಕಿಂತ ಮೊದಲು ಒಪ್ಪಿಸಿಕೊಳ್ಳಬೇಕಾದವು ಅವೇ: ಬೆಳಿಗ್ಗೆ ಹಾಜರಿ ಕರೆಯುವುದು, ಪ್ರಾರ್ಥನೆಗೆ ಸಾಲು ನಿಲ್ಲಿಸುವುದು, ಬಿಸಿಯೂಟಕ್ಕೆ ಮುಂಚೆ ಕೈ ತೊಳೆಯುವಲ್ಲಿ ನಿಲ್ಲುವುದು, ಉಕ್ತಲೇಖನ ಹೇಳಿ ಬರೆಸುವುದು, ನೋಟ್‌ಬುಕ್ ಹಂಚುವುದು. ಹಾಜರಿ ಕರೆಯುವುದನ್ನು ಗುಮಾಸ್ತಿಕೆಯೆಂದು ಭಾವಿಸುವವರಿದ್ದಾರೆ. ಆದರೆ 27 ಹೆಸರುಗಳನ್ನು ನಾಲ್ಕು ದಿನ ಕರೆದವರಿಗೆ ಹೆಸರುಗಳಷ್ಟೇ ಅಲ್ಲ, ಯಾರು ಸೋಮವಾರ ಬರುವುದಿಲ್ಲ, ಯಾರು ತಂಗಿಯನ್ನು ಅಂಗನವಾಡಿಗೆ ಬಿಟ್ಟು ತಡವಾಗಿ ಬರುತ್ತಾರೆ ಎಂಬುದೂ ಗೊತ್ತಾಗುತ್ತದೆ. ಹೆಸರು ಹಿಡಿದು ಕರೆಯಬಲ್ಲವರ ಮಾತಿಗೆ ಮಗು ಹಿಂದಕ್ಕೆ ತಿರುಗುವುದು ತಾನಾಗಿಯೇ ಕಡಿಮೆಯಾಗುತ್ತದೆ.

ಹಿಂದೆ ಕುಳಿತು ನೋಡಿದ ಆ ಒಂದು ವಾರದಲ್ಲಿ ನೀವು ಬಹುಶಃ ಮೇಡಂ ಅವರನ್ನೇ ನೋಡುತ್ತಿದ್ದಿರಿ. ಎಲ್ಲರೂ ಹಾಗೆಯೇ ಮಾಡುತ್ತಾರೆ. ವೀಕ್ಷಣಾ ನಮೂನೆಯಲ್ಲಿ ಕಪ್ಪುಹಲಗೆಯ ಬಳಕೆ, ಧ್ವನಿಯ ಏರಿಳಿತ, ಪೀಠಿಕೆ ಎಂದು ಅಂಕಣಗಳಿರುವುದರಿಂದ ಕಣ್ಣು ಅತ್ತಲೇ ಹೋಗುತ್ತದೆ. ಇನ್ನೂ ತಡವಾಗಿಲ್ಲ. ಮೂರು ಮಕ್ಕಳನ್ನು ಆರಿಸಿಕೊಳ್ಳಿ: ಸದಾ ಕೈ ಎತ್ತುವ ಒಬ್ಬಳು, ಪಕ್ಕದವನ ಪುಸ್ತಕ ನೋಡಿ ಬರೆಯುವ ಒಬ್ಬ, ಏನನ್ನೂ ಕೇಳದೆ ಏನನ್ನೂ ಹೇಳದೆ ದಿನ ಕಳೆಯುವ ಇನ್ನೊಬ್ಬಳು. ಮೇಡಂ ಪಾಠ ಮಾಡುವಾಗ ಈ ಮೂವರನ್ನು ಮಾತ್ರ ಗಮನಿಸಿ. ಪಾಠ ಎಲ್ಲಿ ಅವರಿಗೆ ದಾಟಿತು, ಎಲ್ಲಿ ದಾರಿಯಲ್ಲೇ ಬಿದ್ದುಹೋಯಿತು ಎಂಬುದು ಹಿಂದಿನ ಬೆಂಚಿನಿಂದ ಕಂಡಷ್ಟು ಸ್ಪಷ್ಟವಾಗಿ ಮುಂದೆ ನಿಂತವರಿಗೆ ಕಾಣುವುದಿಲ್ಲ.

ಇದಾದ ಮೇಲೆ ಇಡೀ ತರಗತಿಯಲ್ಲ, ನಾಲ್ಕೈದು ಮಕ್ಕಳ ಗುಂಪು. ಉದಾಹರಣೆಗೆ ದಶಕ ಬಿಡಿಸುವ ವ್ಯವಕಲನವನ್ನೇ ತೆಗೆದುಕೊಳ್ಳೋಣ. 402ರಿಂದ 178 ಕಳೆಯಲು ಕೊಟ್ಟರೆ ಒಂದು ಮಗು 376 ಎಂದು ಬರೆಯುತ್ತದೆ, ಇನ್ನೊಂದು 300 ಎಂದು ಬರೆಯುತ್ತದೆ. ಕೆಂಪು ಶಾಯಿಯ ಕಣ್ಣಿಗೆ ಎರಡೂ ಒಂದೇ ಬಗೆಯ ತಪ್ಪು. ಪಕ್ಕದಲ್ಲಿ ಕುಳಿತು "ಹೇಗೆ ಮಾಡಿದೆ, ಹೇಳು ನೋಡೋಣ" ಎಂದು ಕೇಳಿದವರಿಗೆ ಮಾತ್ರ ತಿಳಿಯುವ ಸಂಗತಿಯೆಂದರೆ, ಮೊದಲನೆಯ ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ. ಎರಡನೆಯದು "ಎರಡರಲ್ಲಿ ಎಂಟು ಹೋಗಲ್ಲ, ಅದಕ್ಕೇ ಸೊನ್ನೆ" ಎಂದುಕೊಂಡಿದೆ. ಮೊದಲನೆಯದಕ್ಕೆ ಯಾವ ಸಂಖ್ಯೆಯಿಂದ ಯಾವುದನ್ನು ಕಳೆಯುತ್ತಿದ್ದೇವೆಂಬುದೇ ತಪ್ಪಿಹೋಗಿದೆ. ಎರಡನೆಯದಕ್ಕೆ ಅದು ಗೊತ್ತಿದೆ, ನೂರನ್ನು ಒಡೆದು ಹತ್ತುಗಳಾಗಿ, ಹತ್ತನ್ನು ಒಡೆದು ಬಿಡಿಗಳಾಗಿ ಮಾಡಿಕೊಳ್ಳಬಹುದೆಂಬುದು ಗೊತ್ತಿಲ್ಲ. ಕಡ್ಡಿಯ ಕಟ್ಟುಗಳನ್ನು ಮುಂದಿಟ್ಟು, ನಾಲ್ಕು ನೂರು ಮತ್ತು ಎರಡು ಬಿಡಿಗಳನ್ನು ಮೂರು ನೂರು, ಒಂಬತ್ತು ಹತ್ತು, ಹನ್ನೆರಡು ಬಿಡಿಗಳನ್ನಾಗಿ ಮಗುವೇ ಬಿಚ್ಚಿಕೊಂಡಾಗ 224 ಎಂಬ ಉತ್ತರವನ್ನು ನೀವು ಹೇಳಬೇಕಾಗಿಯೇ ಬರುವುದಿಲ್ಲ. ಗುಂಪಿನ ಬಳಿ ಹೀಗೆ ಕಳೆದ ಒಂದು ವಾರದ ನಂತರ ಇದೇ ಪಾಠವನ್ನು ಇಡೀ ತರಗತಿಗೆ ಮಾಡಿ ನೋಡಿ; ಯಾವ ತಪ್ಪು ಎಲ್ಲಿ ಏಳುತ್ತದೆಂದು ಮೊದಲೇ ತಿಳಿದಿರುವ ಕಾರಣ ನಿಮ್ಮ ಪ್ರಶ್ನೆಗಳೇ ಬೇರೆಯಾಗಿರುತ್ತವೆ.

ಅನಂತರ ಅವಧಿಯ ಮೊದಲ ಹತ್ತು ನಿಮಿಷದ ಬಾಯಿಲೆಕ್ಕ, ಆಮೇಲೆ ಮೇಡಂ ಜೊತೆ ಸೇರಿ ಯೋಜಿಸಿದ ಒಂದು ಪೂರ್ಣ ಅವಧಿ, ಆಮೇಲೆ ಒಂದು ವಿಷಯದ ಒಂದು ಇಡೀ ಘಟಕ, ಅದು ಕೈಗೆ ಹತ್ತಿದ ಮೇಲೆ ಎರಡನೆಯ ವಿಷಯ, ಹೀಗೆ ಸಾಗಿ ಅರ್ಧ ದಿನವೂ ಕೊನೆಯಲ್ಲಿ ಕೆಲವು ಇಡೀ ದಿನಗಳೂ ನಿಮ್ಮವಾಗಬೇಕು. ಇಡೀ ದಿನ ಎಂಬುದನ್ನು ಒತ್ತಿ ಹೇಳುತ್ತೇನೆ. 40 ನಿಮಿಷದ ಒಂದು ಪಾಠವನ್ನು ಯಾರಾದರೂ ಸಿದ್ಧ ಮಾಡಿಕೊಂಡು ನಿಭಾಯಿಸಬಹುದು. ಊಟವಾದ ಮೇಲಿನ ಮಂಕನ್ನು, ಮಳೆ ಬಂದು ಆಟದ ಅವಧಿ ತಪ್ಪಿದ ದಿನದ ಗದ್ದಲವನ್ನು, ಬೆಳಿಗ್ಗೆ ಅರ್ಥವಾಗದೆ ಉಳಿದ ಲೆಕ್ಕವನ್ನು ಸಂಜೆಯ ಅವಧಿಯಲ್ಲಿ ಎಲ್ಲಿ ಸೇರಿಸಬೇಕೆಂಬ ಯೋಚನೆಯನ್ನು ಬಿಡಿ ಪಾಠಗಳು ಕಲಿಸುವುದಿಲ್ಲ.

ಮುಂದೆ ನಿಂತಾಗ ಮೌನಕ್ಕೆ ಹೆದರಬೇಡಿ. 1970ರ ದಶಕದಲ್ಲಿ ಅಮೆರಿಕದ ಮೇರಿ ಬಡ್ ರೋ ಅವರು ವಿಜ್ಞಾನದ ಪಾಠಗಳ ಧ್ವನಿಮುದ್ರಣ ಕೇಳಿ ಕಂಡುಕೊಂಡಂತೆ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದುದು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ. ಅದನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರೂ ಬಾಯಿಬಿಟ್ಟರು. ಹೊಸಬರಿಗೆ ಈ ಮೂರು ಸೆಕೆಂಡು ಮೂರು ಗಳಿಗೆಯಂತೆ ಕಾಣುತ್ತದೆ. ನಿಮ್ಮ ಮೇಡಂ ನಡುವೆ ಬಾಯಿ ಹಾಕುತ್ತಿರುವುದು ಬಹುಶಃ ಇಂಥದೇ ಒಂದು ಮೌನದ ಘಳಿಗೆಯಲ್ಲಿ. ಮಗುವಿನ ಯೋಚನೆಯ ಮೌನವನ್ನು ಅವರು ನಿಮ್ಮ ತಡವರಿಕೆಯೆಂದು ತಿಳಿದಿರಬಹುದು.

ಅವರಿಗೆ ಹೇಳಬೇಕಾದುದನ್ನು ಪಾಠದ ನಡುವೆಯಾಗಲಿ ಮಕ್ಕಳ ಎದುರಿಗಾಗಲಿ ಹೇಳಬೇಡಿ. ಸಂಜೆ ಗಂಟೆ ಹೊಡೆದ ಮೇಲೆ ಹೇಳಿ. "ಮೇಡಂ, ನಾನು ತಪ್ಪಿದರೆ ನೀವು ತಿದ್ದಲೇಬೇಕು. ಆದರೆ ಆ ತಪ್ಪು ನನಗೇ ಹೊಳೆಯುತ್ತದೆಯೋ ಇಲ್ಲವೋ ಎಂದು ಸ್ವಲ್ಪ ಹೊತ್ತು ಕಾದು ನೋಡುತ್ತೀರಾ?" ಎಂದು ಕೇಳಿದರೆ ಮುನಿಸಿಕೊಳ್ಳುವ ಶಿಕ್ಷಕಿಯನ್ನು ನಾನು ಕಂಡಿಲ್ಲ. ಜೊತೆಗೆ, ನೀವು ಪಾಠ ಮಾಡುವ ಹೊತ್ತಿನಲ್ಲಿ ಹಿಂದೆ ಕುಳಿತಿರುವ ಬದಲು ಲೆಕ್ಕದಲ್ಲಿ ಹಿಂದುಳಿದ ಮೂರ್ನಾಲ್ಕು ಮಕ್ಕಳ ಪಕ್ಕದಲ್ಲಿ ಕುಳಿತುಕೊಳ್ಳುವಿರಾ ಎಂದು ಕೇಳಿ. ಆಗ ಅವರ ಗಮನಕ್ಕೂ ಒಂದು ಕೆಲಸ ಸಿಗುತ್ತದೆ, ಮಕ್ಕಳಿಗೆ ತಿರುಗಿ ನೋಡಲು ಹಿಂದೆ ಯಾರೂ ಇರುವುದಿಲ್ಲ.

ಪಾಠ ಯೋಜನೆಗಳ ಸಂಖ್ಯೆಯ ವಿಷಯ. ನಾನು ಡಿ.ಇಎಲ್.ಇಡಿ.ಗೆ ಮುಂಚಿನ ಶಿಕ್ಷಕರ ತರಬೇತಿಯಾದ ಟಿ.ಸಿ.ಎಚ್. ಓದುತ್ತಿದ್ದ ಕಾಲದಲ್ಲಿ, ಜರ್ಮನಿಯ ಶಿಕ್ಷಣ ಚಿಂತಕ ಹರ್ಬರ್ಟನ ಪಂಚಸೋಪಾನಗಳನ್ನು, ಅಂದರೆ ಪಾಠದ ಐದು ಹಂತಗಳನ್ನು, ಗೆರೆ ಎಳೆದ ಹಾಳೆಯಲ್ಲಿ ತುಂಬಿಸಿ, ಚಾರ್ಟು, ರೋಲಪ್ ಬೋರ್ಡು ಹೊತ್ತುಕೊಂಡು ಬಸ್ಸು ಹತ್ತುತ್ತಿದ್ದೆವು. ಈಗ ಹರ್ಬರ್ಟನ ಜಾಗಕ್ಕೆ ಐದು ಹಂತಗಳದೇ ಇನ್ನೊಂದು ಮಾದರಿಯಾದ 5ಇ ಬಂದಿದೆ, ಗೆರೆಗಳು ಮಾತ್ರ ಹಾಗೆಯೇ ಇವೆ. ಕಾಲೇಜು ಕೇಳಿದಷ್ಟನ್ನು ಬರೆದುಕೊಡಿ, ಬೇರೆ ದಾರಿಯಿಲ್ಲ. ಆದರೆ ಪ್ರತಿ ಯೋಜನೆಯ ಹಿಂಬದಿಯಲ್ಲಿ, ಪಾಠವಾದ ದಿನವೇ, ಯಾವ ಮಗು ಎಲ್ಲಿ ಎಡವಿತು ಎಂಬುದನ್ನು ನಾಲ್ಕು ಸಾಲು ಬರೆದಿಡಿ. ಯೋಜನೆಯ ಮುಂಬದಿ ಅಂಕಕ್ಕೆ, ಹಿಂಬದಿ ನಿಮಗೆ.

ಪ್ರಶ್ನೆ: ಹತ್ತೊಂಬತ್ತು ವರ್ಷಗಳಿಂದ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತಿದ್ದೇನೆ. ಈ ವರ್ಷ ನನಗೆ ಒಬ್ಬ ಪ್ರಶಿಕ್ಷಣಾರ್ಥಿಯ ಮಾರ್ಗದರ್ಶನ ವಹಿಸಿದ್ದಾರೆ. ಹುಡುಗ ಒಳ್ಳೆಯವನು, ಆದರೆ ನಾನು ಹೇಗೆ ಮಾತಾಡುತ್ತೇನೋ ಹಾಗೆಯೇ ಮಾತಾಡುತ್ತಾನೆ. ನನ್ನ ನಗೆಚಟಾಕಿಯನ್ನೂ ಅದೇ ಜಾಗದಲ್ಲಿ ಹೇಳುತ್ತಾನೆ. ಅವನು ತಪ್ಪು ಮಾಡಿದಾಗ ಸುಮ್ಮನಿರಲು ನನಗೆ ಆಗುವುದಿಲ್ಲ. ಹೀಗೇ ಬಿಟ್ಟರೆ ರೂಪಣಾತ್ಮಕ ಮೌಲ್ಯಮಾಪನದ (ವರ್ಷದ ನಡುವೆ ಕಲಿಕೆಯನ್ನು ಅಳೆಯುವ ಪರೀಕ್ಷೆಯ) ಹೊತ್ತಿಗೆ ಪಾಠಗಳು ಹಿಂದೆ ಬೀಳುತ್ತವೆ ಎಂಬ ಭಯವೂ ಇದೆ. ಎಷ್ಟು ಬಿಡಬೇಕು, ಎಷ್ಟು ಹಿಡಿಯಬೇಕು?
ಶಿಕ್ಷಕಿ, ಧಾರವಾಡ ಜಿಲ್ಲೆ

ಉತ್ತರ: ಮೇಲಿನ ಪತ್ರವನ್ನು ನೀವು ಓದಿಯೇ ಇರುತ್ತೀರಿ, ಅದರಲ್ಲಿ ಹಿಂದೆ ಕುಳಿತ ಮೇಡಂ ಸ್ಥಾನದಲ್ಲಿ ನೀವಿದ್ದೀರಿ. ಕೂಡಲೇ ತಡೆಯಬೇಕಾದ ತಪ್ಪುಗಳು ನಿಜವಾಗಿ ಬಹಳ ಕಡಿಮೆ. ಮಗುವಿನ ಮೈಮೇಲೆ ಕೈ ಹೋದರೆ, ಜಾತಿ, ಮನೆ, ಬಣ್ಣ, ದಡ್ಡತನ ಹಿಡಿದು ಮಾತು ಬಂದರೆ ಅಲ್ಲಿಯೇ ಎದ್ದು ನಿಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಒಂದೇ ಸಾಲಿನಲ್ಲಿ ನಿಷೇಧಿಸಿದೆ, ಪ್ರಶಿಕ್ಷಣಾರ್ಥಿಯೆಂದು ಅಲ್ಲಿ ವಿನಾಯಿತಿ ಇಲ್ಲ. ಮಕ್ಕಳ ನೋಟ್‌ಬುಕ್ಕಿನಲ್ಲಿ ಉಳಿದುಬಿಡುವಂಥ ತಪ್ಪು ಮಾಹಿತಿ ಹಲಗೆಯ ಮೇಲೆ ಬಂದರೆ, ಅವಧಿ ಮುಗಿಯುವುದರೊಳಗೆ ಅವನ ಕೈಯಿಂದಲೇ ಅದು ಸರಿಯಾಗುವಂತೆ ನೋಡಿಕೊಳ್ಳಿ. ಉಳಿದದ್ದೆಲ್ಲ, ಅಂದರೆ ಪೀಠಿಕೆ ಉದ್ದವಾದದ್ದು, ಒಂದೇ ಕಡೆಯ ಮಕ್ಕಳನ್ನು ಕೇಳಿದ್ದು, ಚಟುವಟಿಕೆ ನಡೆಯುವಾಗ ಸಮಯ ಮೀರಿದ್ದು, ಗದ್ದಲವಾದದ್ದು, ಸಂಜೆಗೆ ಕಾಯಬಹುದು.

ಗದ್ದಲದ ವಿಷಯಕ್ಕೆ ಒಂದು ಮಾತು. ಜೇಕಬ್ ಕೌನಿನ್ ಎಂಬ ಅಮೆರಿಕದ ಸಂಶೋಧಕರು ತರಗತಿಗಳ ಚಿತ್ರೀಕರಣಗಳನ್ನು ಪರಿಶೀಲಿಸಿ 1970ರಲ್ಲಿ ಹೇಳಿದ್ದು ಇಂದಿಗೂ ಅನುಭವಕ್ಕೆ ಒಪ್ಪುತ್ತದೆ: ಒಳ್ಳೆಯ ಶಿಕ್ಷಕರಿಗೂ ಉಳಿದವರಿಗೂ ಇರುವ ವ್ಯತ್ಯಾಸ ಗದರಿಸುವ ರೀತಿಯಲ್ಲಿಲ್ಲ, ತರಗತಿಯಲ್ಲಿ ಎಲ್ಲೆಲ್ಲಿ ಏನು ನಡೆಯುತ್ತಿದೆಯೆಂಬುದು ತಮಗೆ ಗೊತ್ತಿದೆ ಎಂದು ಮಕ್ಕಳಿಗೆ ಮನವರಿಕೆ ಮಾಡಿಕೊಟ್ಟು, ತೊಂದರೆ ಬೆಳೆಯುವುದಕ್ಕೆ ಮುಂಚೆಯೇ ಅದರ ದಿಕ್ಕು ತಿರುಗಿಸುವುದರಲ್ಲಿದೆ. ನೀವು ಹತ್ತೊಂಬತ್ತು ವರ್ಷಗಳಲ್ಲಿ ಇದನ್ನು ಎಷ್ಟು ರೂಢಿಸಿಕೊಂಡಿದ್ದೀರೆಂದರೆ ನಿಮಗೇ ಅದು ಕಾಣುವುದಿಲ್ಲ. ಮಾತಾಡುತ್ತಲೇ ಕಿಟಕಿಯ ಪಕ್ಕಕ್ಕೆ ನಡೆದು ಹೋಗುತ್ತೀರಿ. ಅಲ್ಲಿ ಆಗಬೇಕಿದ್ದ ಜಗಳ ಆಗುವುದಿಲ್ಲ. ಹುಡುಗನಿಗೆ ಕಾಣುವುದು ಮೇಡಂ ನಡೆದಾಡುತ್ತಾ ಪಾಠ ಮಾಡುತ್ತಾರೆ ಎಂಬುದು ಮಾತ್ರ, ಆದ್ದರಿಂದ ಅವನೂ ನಡೆದಾಡುತ್ತಾನೆ.

ಅನುಕರಣೆಯ ಮೂಲ ಇದೇ. ಕಾರಣ ಕಾಣದವನು ರೂಪವನ್ನು ಹಿಡಿದುಕೊಳ್ಳುತ್ತಾನೆ. ಹಾಗಾಗಿ ಅವನಿಗೆ ನಿಮ್ಮಿಂದ ಬೇಕಾಗಿರುವುದು ಸಲಹೆಗಿಂತ ಹೆಚ್ಚಾಗಿ ನಿಮ್ಮ ಕಾರಣಗಳು: ಇವತ್ತು ಆ ಮಗುವನ್ನು ಏಕೆ ಕೇಳಲಿಲ್ಲ, ಮೂರನೆಯ ಚಟುವಟಿಕೆಯನ್ನು ಏಕೆ ಕೈಬಿಟ್ಟೆ, ಪುಸ್ತಕದಲ್ಲಿಲ್ಲದ ಉದಾಹರಣೆಯನ್ನು ಏಕೆ ತಂದೆ. ಕೆಲವು ದಿನ ಪಾತ್ರ ಬದಲಿಸಿ, ಅವನು ಬರೆದ ಯೋಜನೆಯನ್ನು ನೀವು ಪಾಠ ಮಾಡಿ. ನೀವು ಅದನ್ನು ಎಲ್ಲಿ ಮುರಿದಿರಿ ಎಂದು ಅವನು ಗುರುತಿಸಲಿ. ಸಂಜೆಯ ಮಾತುಕತೆಯನ್ನು ನೀವು ಆರಂಭಿಸಬೇಡಿ, "ಇವತ್ತು ನಿನಗೆ ಏನು ಕಂಡಿತು?" ಎಂದಷ್ಟೇ ಕೇಳಿ. ತಪ್ಪುಗಳ ಪಟ್ಟಿ ಬೇಡ. ಒಂದು ದಿನಕ್ಕೆ ಒಂದು ಸಂಗತಿ ತಿದ್ದಿದರೆ ಸಾಕು.

ತರಬೇತಿ ಕಾಲೇಜಿನಲ್ಲಿ ಅವನು ಸೂಕ್ಷ್ಮ ಬೋಧನೆ ಮಾಡಿ ಬಂದಿರುತ್ತಾನೆ. 1963ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಈ ಪದ್ಧತಿ ನಮ್ಮಲ್ಲಿ ಆರು ನಿಮಿಷದ ಪಾಠ, ಆರು ನಿಮಿಷದ ವಿಮರ್ಶೆ, ಮತ್ತೆ ಯೋಜನೆ, ಮತ್ತೆ ಪಾಠ ಎಂದು 36 ನಿಮಿಷದ ಚಕ್ರವಾಗಿ ನೆಲೆಯೂರಿತು. ಪ್ರಶ್ನೆ ಕೇಳುವ ಕೌಶಲ, ಹಲಗೆ ಬಳಸುವ ಕೌಶಲ ಎಂದು ಒಂದೊಂದನ್ನೇ ಬೇರ್ಪಡಿಸಿ ತಿದ್ದುವುದಕ್ಕೆ ಅದು ಒಳ್ಳೆಯದೇ. ಆದರೆ ಅಲ್ಲಿ ಮಕ್ಕಳಾಗಿ ಕುಳಿತವರು ಸಹಪಾಠಿಗಳು, ಅವರಿಗೆ ಉತ್ತರ ಮೊದಲೇ ಗೊತ್ತು. ಗೊತ್ತಿಲ್ಲದ ಮಗುವಿನ ಎದುರು ನಿಲ್ಲುವುದನ್ನು ಅವನು ಕಲಿಯುವ ಮೊದಲ ಜಾಗ ನಿಮ್ಮ ತರಗತಿ.

ಪಾಠಗಳು ಹಿಂದೆ ಬೀಳುವ ಭಯ ಸುಳ್ಳಲ್ಲ, ಸ್ವಲ್ಪ ಬೀಳುತ್ತವೆ. ಅದಕ್ಕಾಗಿ ಅವನಿಗೆ ಕೊಡುವ ಘಟಕಗಳನ್ನು ಮೌಲ್ಯಮಾಪನದ ಹೊತ್ತಿನಲ್ಲಿ ಆರಿಸದೆ ತಿಂಗಳು ಮೊದಲೇ ಇಬ್ಬರೂ ಕುಳಿತು ನಿರ್ಧರಿಸಿ. ಅಂಕ ಕೊಡುವ ಹೊಣೆಯನ್ನು ನೀವೇ ಇಟ್ಟುಕೊಳ್ಳಿ, ಉತ್ತರಪತ್ರಿಕೆಗಳನ್ನು ಮಾತ್ರ ಅವನೊಂದಿಗೆ ಕುಳಿತು ಓದಿ.

ಪ್ರಶ್ನೆ: ನಮ್ಮದು ಇಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆ. ಸಹಶಿಕ್ಷಕರು ರಜೆಯ ಮೇಲಿದ್ದಾರೆ. ಬಂದಿರುವ ಪ್ರಶಿಕ್ಷಣಾರ್ಥಿಗೆ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು ಕಾರ್ಡುಗಳ ಮೂಲಕ ಕಲಿಯುವ ನಲಿ ಕಲಿಯನ್ನು ಪೂರ್ತಿಯಾಗಿ ವಹಿಸಬಹುದೇ?
ಮುಖ್ಯಶಿಕ್ಷಕ, ಚಾಮರಾಜನಗರ ಜಿಲ್ಲೆ

ಉತ್ತರ: ವಹಿಸಬೇಡಿ. ನಿಮ್ಮ ಕಷ್ಟ ಅರ್ಥವಾಗುತ್ತದೆ. ನಿಮ್ಮಂಥ ನೂರಾರು ಶಾಲೆಗಳಲ್ಲಿ ಪ್ರಶಿಕ್ಷಣಾರ್ಥಿ ಬಂದ ದಿನ ದೇವರು ಬಂದಂತಾಗುತ್ತದೆ. ಆದರೂ ಶಿಕ್ಷಣ ಹಕ್ಕು ಕಾಯ್ದೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕೆಂದಾಗ ಎಣಿಸುವುದು ಅರ್ಹತೆ ಪಡೆದ ಶಿಕ್ಷಕರನ್ನು, ಕಲಿಯಲು ಬಂದವರನ್ನಲ್ಲ. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಬದಲಿ ವ್ಯವಸ್ಥೆಗೆ ಬರೆದು ಕೇಳಿ, ಅಲ್ಲಿಯವರೆಗೆ ಹೊಣೆ ನಿಮ್ಮ ಮೇಲೆಯೇ ಇರಲಿ.

ಇಷ್ಟು ಹೇಳಿದ ಮೇಲೆ, ನಲಿ ಕಲಿ ತರಗತಿಯು ಹಂತ ಹಂತವಾಗಿ ಒಪ್ಪಿಸುವುದಕ್ಕೆ ಅತ್ಯಂತ ಅನುಕೂಲವಾದ ಜಾಗವೆಂಬುದನ್ನೂ ಹೇಳಬೇಕು. 1995ರಲ್ಲಿ ನಿಮ್ಮ ನೆರೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಆಂಧ್ರಪ್ರದೇಶದ ರಿಷಿ ವ್ಯಾಲಿ ಶಾಲೆಯ ಮಾದರಿಯನ್ನು ಕಂಡು ಬಂದ ನಮ್ಮ ಶಿಕ್ಷಕರೇ ರೂಪಿಸಿದ ಈ ಪದ್ಧತಿಯಲ್ಲಿ ಮಕ್ಕಳು, ಕಲಿಯಬೇಕಾದುದನ್ನು ಮೆಟ್ಟಿಲುಗಳಾಗಿ ಜೋಡಿಸಿದ ಕಲಿಕಾ ಏಣಿಯ ಬೇರೆ ಬೇರೆ ಹಂತಗಳಲ್ಲಿದ್ದು, ಕೈಗೆ ಬಂದ ಕಾರ್ಡಿಗೆ ತಕ್ಕಂತೆ ಶಿಕ್ಷಕರ ಪೂರ್ಣ ನೆರವಿನ ಗುಂಪಿನಿಂದ ಹಿಡಿದು ತಾವೇ ಕಲಿಯುವ ಗುಂಪಿನವರೆಗೆ ಹಂಚಿ ಕೂರುತ್ತಾರೆ. ಇಲ್ಲಿ ಒಪ್ಪಿಸಬೇಕಾದುದು ಅವಧಿಯನ್ನಲ್ಲ, ಗುಂಪನ್ನು. ಮೊದಲು ತಾವೇ ಕಲಿಯುವ ಮಕ್ಕಳ ಬಳಿ ಪ್ರಶಿಕ್ಷಣಾರ್ಥಿ ಕುಳಿತು, ಯಾರು ಕಾರ್ಡನ್ನು ನಿಜವಾಗಿ ಮುಗಿಸಿದರು, ಯಾರು ತಟ್ಟೆಯಲ್ಲಿಟ್ಟು ಎದ್ದರು ಎಂಬುದನ್ನು ನೋಡಲಿ. ಬಳಿಕ ಒಬ್ಬರಿಗೊಬ್ಬರು ಹೇಳಿಕೊಡುವ ಗುಂಪು, ಆಮೇಲೆ ಅರೆ ನೆರವಿನ ಗುಂಪು. ಹೊಸ ಅಕ್ಷರ, ಹೊಸ ಪರಿಕಲ್ಪನೆ ಪರಿಚಯವಾಗುವ ಪೂರ್ಣ ನೆರವಿನ ಗುಂಪು ಕೊನೆಗೆ. ಪ್ರತಿ ಮಗುವಿನ ಮುನ್ನಡೆ ದಾಖಲಿಸುವ ಪ್ರಗತಿ ನೋಟದಲ್ಲಿ ಗುರುತು ಹಾಕುವುದನ್ನು ಮಾತ್ರ ದಿನದ ಕೊನೆಗೆ ಇಬ್ಬರೂ ಕೂಡಿ ಮಾಡಿ. ಮಗು ಮುಂದಿನ ಮೈಲಿಗಲ್ಲಿಗೆ ಹೋಗಲು ಸಿದ್ಧವೇ ಎಂದು ತೀರ್ಮಾನಿಸುವ ಕಣ್ಣು ಅಲ್ಲಿಯೇ ಪಳಗುತ್ತದೆ.

ಪ್ರಶ್ನೆ: ಪ್ರತಿ ವರ್ಷ ಟ್ರೈನಿಂಗ್ ಟೀಚರುಗಳು ಬರುತ್ತಾರೆ, ಮಕ್ಕಳು ಅವರಿಗೆ ಹೊಂದಿಕೊಳ್ಳುವಷ್ಟರಲ್ಲಿ ಹೊರಟುಹೋಗುತ್ತಾರೆ. ಕಳೆದ ವರ್ಷ ನನ್ನ ಮಗಳು ಎರಡು ದಿನ ಶಾಲೆಗೆ ಹೋಗಲೊಲ್ಲೆನೆಂದು ಅತ್ತಳು. ಇದರಿಂದ ಮಕ್ಕಳ ಓದಿಗೆ ತೊಂದರೆಯಲ್ಲವೇ?
ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ, ಶಿವಮೊಗ್ಗ ಜಿಲ್ಲೆ

ಉತ್ತರ: ತರಗತಿಯ ಶಿಕ್ಷಕರು ಸ್ಟಾಫ್ ರೂಮಿಗೆ ಹೋಗಿಬಿಟ್ಟು ಎಲ್ಲವನ್ನೂ ಹೊಸಬರಿಗೆ ಬಿಟ್ಟರೆ ತೊಂದರೆಯಿದೆ. ಇಬ್ಬರೂ ಒಳಗೇ ಇದ್ದರೆ ಒಂದು ತರಗತಿಗೆ ಇಬ್ಬರು ದೊಡ್ಡವರು ಸಿಕ್ಕಂತೆ. ನಿಮ್ಮ ಮಗಳ ನೋಟ್‌ಬುಕ್ಕನ್ನು ವಾರದಲ್ಲಿ ಒಮ್ಮೆ ಯಾರಾದರೂ ಪಕ್ಕದಲ್ಲಿ ಕುಳಿತು ನೋಡುವ ಸಂಭವ ಆಗ ಹೆಚ್ಚು. ಎಸ್‌ಡಿಎಂಸಿ ಸಭೆಯಲ್ಲಿ ನೀವು ಕೇಳಬೇಕಾದುದು ಅವರು ಏಕೆ ಬರುತ್ತಾರೆ ಎಂದಲ್ಲ, ಅವರು ಪಾಠ ಮಾಡುವಾಗ ತರಗತಿಯ ಶಿಕ್ಷಕರು ಎಲ್ಲಿರುತ್ತಾರೆ ಎಂದು.

ಮಗಳು ಅತ್ತದ್ದಕ್ಕೆ ಕಾರಣ ಬಹುಶಃ ಹೊರಟುಹೋದ ರೀತಿ. ಕೊನೆಯ ದಿನ ಸಿಹಿ ಹಂಚಿ ಫೋಟೋ ತೆಗೆಸಿಕೊಂಡು, ಮರುದಿನದಿಂದ ಇಲ್ಲವೆಂದರೆ ಮಗುವಿಗೆ ಅದು ಕಣ್ಮರೆಯಾದಂತೆ. ಹೊಣೆಯನ್ನು ಹೇಗೆ ಹಂತವಾಗಿ ಪಡೆದರೋ ಹಾಗೆಯೇ ಹಂತವಾಗಿ ಹಿಂದಿರುಗಿಸಬೇಕು. ಕೊನೆಯ ಎರಡು ವಾರಗಳಲ್ಲಿ ಮೊದಲು ಒಂದು ವಿಷಯ, ಆಮೇಲೆ ಇನ್ನೊಂದು, ಕೊನೆಗೆ ಹಾಜರಿ ಪುಸ್ತಕ ತರಗತಿಯ ಶಿಕ್ಷಕರ ಕೈಗೆ ಮರಳಬೇಕು; ಇಂತಿಷ್ಟು ದಿನ ಉಳಿದಿದೆ ಎಂದು ಮಕ್ಕಳಿಗೆ ಮೊದಲೇ ಹೇಳಿರಬೇಕು. ಕೊನೆಯ ಒಂದೆರಡು ದಿನ ಪ್ರಶಿಕ್ಷಣಾರ್ಥಿ ಮತ್ತೆ ಹಿಂದಿನ ಬೆಂಚಿಗೆ ಹೋಗಿ ಕುಳಿತು, ಮೊದಲ ಉತ್ತರದಲ್ಲಿ ಹೇಳಿದಂತೆ ಆರಂಭದಲ್ಲಿ ಆರಿಸಿ ಗಮನಿಸಿದ ಮೂರು ಮಕ್ಕಳನ್ನೇ ಇನ್ನೊಮ್ಮೆ ನೋಡಿ, ಕಂಡದ್ದನ್ನು ಬರೆದು ತರಗತಿಯ ಶಿಕ್ಷಕರಿಗೆ ಕೊಟ್ಟು ಹೋಗಲಿ. ಈ ವರ್ಷ ನಿಮ್ಮ ಶಾಲೆಗೆ ಬಂದಿರುವವರಿಗೆ ಇದನ್ನು ಮುಖ್ಯಶಿಕ್ಷಕರ ಮೂಲಕ ಈಗಲೇ ತಿಳಿಸಬಹುದು.